ಉಸಿರು ಎಣಿಸುವ ಒಂದು ನಿಮಿಷ

(ಶುಶ್ರೂಷಾ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಯಾವುದಾದರೂ ಆಸ್ಪತ್ರೆಯ ವಾರ್ಡಿಗೆ ಹೋಗಿ ಟಿಪಿಆರ್ ಚಾರ್ಟ್ ತೆಗೆದು ನೋಡಿ. ಜ್ವರದ ಗೆರೆ ಏರುತ್ತದೆ, ಇಳಿಯುತ್ತದೆ. ನಾಡಿಯ ಅಂಕಿ 84, 96, 110 ಎಂದು ಹೊತ್ತಿಗೊಂದು ಬಗೆಯಲ್ಲಿರುತ್ತದೆ. ಉಸಿರಾಟದ ಸಾಲಿಗೆ ಬಂದಾಗ ಮಾತ್ರ ವಾರ್ಡಿನ ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ನಿಮಿಷಕ್ಕೆ 20 ಸಲ ಉಸಿರಾಡುತ್ತಿರುತ್ತಾರೆ. ಬೆಳಿಗ್ಗೆ 20, ಮಧ್ಯಾಹ್ನ 20, ರಾತ್ರಿ 20. ನ್ಯುಮೋನಿಯಾ ಆದವರಿಗೂ 20, ಹರ್ನಿಯಾ ಆಪರೇಷನ್ನಿಗೆ ಕಾಯುತ್ತಿರುವವರಿಗೂ 20. ನಮ್ಮ ದೇಶಕ್ಕೇ ಅಂಟಿದ ರೋಗ ಇದು ಎಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ಉಸಿರಾಟದ ಎಣಿಕೆಯ ಬಗ್ಗೆ ಇರುವ ಅಸಡ್ಡೆಯನ್ನು ಆಸ್ಟ್ರೇಲಿಯಾ, ಬ್ರಿಟನ್ನುಗಳ ವೈದ್ಯಕೀಯ ಪತ್ರಿಕೆಗಳೂ ಎತ್ತಿ ಆಡಿವೆ.

ಈ ಅಸಡ್ಡೆಗೆ ತೆರಬೇಕಾದ ಬೆಲೆ ದೊಡ್ಡದು. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ, ವಾರ್ಡಿನಲ್ಲಿ ಹೃದಯ ನಿಂತುಹೋದ 64 ರೋಗಿಗಳ ಕೇಸ್ ಶೀಟುಗಳನ್ನು ಹಿಂದಕ್ಕೆ ತಿರುಗಿಸಿ ನೋಡಿತು. ಅವರಲ್ಲಿ ಶೇ. 84 ಮಂದಿಯ ಸ್ಥಿತಿ ಕೆಡುತ್ತಿದ್ದುದು ಅಥವಾ ಹೊಸ ತೊಂದರೆ ಹೇಳಿಕೊಂಡದ್ದು ಹಿಂದಿನ ಎಂಟು ಗಂಟೆಗಳ ಒಳಗೇ ದಾಖಲಾಗಿತ್ತು. ಶೇ. 70 ಮಂದಿಯಲ್ಲಿ ಉಸಿರಾಟವೋ ಮನಸ್ಸಿನ ತಿಳಿವೋ ಹದಗೆಟ್ಟಿತ್ತು. ಅಂದರೆ ಬಹುಪಾಲು ಜನ ಹಠಾತ್ತನೆ ಕುಸಿದಿರಲಿಲ್ಲ, ಹೇಳಿಯೇ ಕುಸಿದಿದ್ದರು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ತಿದ್ದಿದ ಎಚ್ಚರಿಕೆಯ ಅಂಕಪಟ್ಟಿಯೊಂದಿದೆ, ನಮ್ಮ ಕೆಲವು ಆಸ್ಪತ್ರೆಗಳಲ್ಲೂ ಅದು 'ನ್ಯೂಸ್' ಎಂಬ ಹೆಸರಿನಲ್ಲಿ ಬಳಕೆಗೆ ಬಂದಿದೆ. ಅದರ ಪ್ರಕಾರ ಉಸಿರಾಟ 12ರಿಂದ 20ರವರೆಗೆ ಇದ್ದರೆ ಸೊನ್ನೆ ಅಂಕ. 21 ಆದೊಡನೆ ಎರಡು, 25 ಮುಟ್ಟಿದರೆ ಮೂರು. ನಾಡಿ, ಜ್ವರದಂಥ ಉಳಿದ ಲಕ್ಷಣಗಳ ಅಂಕವೂ ಸೇರಿ ಐದಾದರೆ ವೈದ್ಯರನ್ನು ಬೇಗ ಕರೆಯಬೇಕು, ಏಳಾದರೆ ತುರ್ತು. ನಾವು ಕಣ್ಣು ಮುಚ್ಚಿ ಬರೆಯುವ 20 ಎಂಬುದು ಸೊನ್ನೆ ಅಂಕ ಸಿಗುವ ಕಟ್ಟಕಡೆಯ ಸಂಖ್ಯೆ ಎಂಬುದನ್ನು ಗಮನಿಸಿ. ಸುಳ್ಳನ್ನೂ ಎಷ್ಟು ಲೆಕ್ಕಾಚಾರದಿಂದ ಆರಿಸಿದ ಹಾಗಿದೆ!

ನಿಮ್ಮ ಉಸಿರನ್ನು ಎಣಿಸುತ್ತೇನೆ ಎಂದು ಹೇಳಿದ ತಕ್ಷಣ ರೋಗಿಯ ಉಸಿರಾಟದ ಲಯ ಬದಲಾಗುತ್ತದೆ. ಅದಕ್ಕಾಗಿ ಹಳೆಯ ಸಿಸ್ಟರ್‌ಗಳು ಕಲಿಸಿದ ಉಪಾಯ ಇಂದಿಗೂ ಸರಿಯಾದದ್ದೇ. ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟಿನ ಮೇಲಿನ ಬೆರಳನ್ನು ತೆಗೆಯಬೇಡಿ, ದೃಷ್ಟಿಯನ್ನು ಎದೆಯ ಕಡೆ ಹೊರಳಿಸಿ, ಇಡೀ ಒಂದು ನಿಮಿಷ ಎಣಿಸಿ. ಆ ನಿಮಿಷದಲ್ಲಿ ಕೈ ತಣ್ಣಗಿದೆಯೋ ಬೆವೆತಿದೆಯೋ ಬೆರಳಿಗೆ ತಿಳಿಯುತ್ತದೆ. ಉಸಿರೆಳೆಯುವಾಗ ಕುತ್ತಿಗೆಯ ಸ್ನಾಯುಗಳು ಎದ್ದು ಕಾಣುತ್ತವೆಯೇ, ಮೂಗಿನ ಹೊಳ್ಳೆ ಅರಳುತ್ತದೆಯೇ, ನಿನ್ನೆ ಚಪ್ಪಟೆಯಾಗಿ ಮಲಗಿದ್ದವರು ಇವತ್ತು ಯಾಕೆ ದಿಂಬಿಗೆ ಒರಗಿ ಕೂತಿದ್ದಾರೆ, ತಟ್ಟೆಯಲ್ಲಿ ಅನ್ನ ಹಾಗೇ ಉಳಿದಿದೆಯೇ, ಮೂತ್ರದ ಚೀಲದಲ್ಲಿ ಎಷ್ಟಿದೆ, ಮೊನ್ನೆಯಿಂದ ಪಕ್ಕದಲ್ಲೇ ಇದ್ದ ಮಗ ಎಲ್ಲಿ ಹೋದ, ಇವೆಲ್ಲ ಅದೇ ನಿಮಿಷದಲ್ಲಿ ಕಣ್ಣಿಗೆ ಬೀಳುತ್ತವೆ. ಬೀಳಬೇಕು.

ನಮ್ಮ ಪಠ್ಯಕ್ರಮದಲ್ಲಿ ಇದಕ್ಕೆ ಸಮಗ್ರ ಆರೋಗ್ಯ ಮೌಲ್ಯಮಾಪನ ಎಂಬ ಭಾರಿ ಹೆಸರಿದೆ. ಹೆಸರು ಭಾರಿಯಾದದ್ದರಿಂದಲೋ ಏನೋ, ಅದೊಂದು ಉದ್ದನೆಯ ಪ್ರಶ್ನೆಪಟ್ಟಿ ಎಂಬ ಭಾವನೆ ಬೆಳೆದುಬಿಟ್ಟಿದೆ. ರೋಗಿಯನ್ನು ಇಡಿಯಾಗಿ ನೋಡಬೇಕೆಂದರೆ ಎಲ್ಲವನ್ನೂ ಕೇಳಬೇಕು, ಎಲ್ಲ ಚೌಕಗಳನ್ನೂ ತುಂಬಬೇಕು ಎಂದು ಮಕ್ಕಳು ತಿಳಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಚಾರ್ಟಿನ ಅಂಕಿಗೂ ಆ ಮನುಷ್ಯನ ಬದುಕಿಗೂ ನಡುವೆ ಇರುವ ಕೊಂಡಿಯನ್ನು ಹುಡುಕುವುದೇ ಈ ಕೆಲಸದ ತಿರುಳು. ಕೊಂಡಿ ಸಿಕ್ಕರೆ ನಾಲ್ಕು ಪ್ರಶ್ನೆ ಸಾಕು, ಸಿಗದಿದ್ದರೆ ನಲವತ್ತು ಕೇಳಿಯೂ ವ್ಯರ್ಥ. ವೈದ್ಯರು ರೌಂಡ್ಸಿಗೆ ಬಂದು ಹೋಗುವ ಕೆಲವು ನಿಮಿಷ ಬಿಟ್ಟರೆ ಹಗಲೂ ರಾತ್ರಿಯೂ ಹಾಸಿಗೆಯ ಹತ್ತಿರ ಇರುವವರು ನಾವು. ನಿನ್ನೆಗೂ ಇಂದಿಗೂ ಏನು ಬದಲಾಯಿತು ಎಂದು ಹೇಳಬಲ್ಲವರೂ ನಾವೇ.

ಚೌಕ ತುಂಬುವ ಪರಿಪಾಠ ಹೇಗೆ ಬಂತೆಂದರೆ, ಅದರ ಹಿಂದೆ ಒಳ್ಳೆಯ ಉದ್ದೇಶವೇ ಇತ್ತು. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯದ ವ್ಯಾಖ್ಯೆಯಲ್ಲಿ ದೇಹದ ಜೊತೆಗೆ ಮನಸ್ಸನ್ನೂ ಸಮಾಜವನ್ನೂ ಸೇರಿಸಿತು. ಅಮೆರಿಕದ ಮಾರ್ಜರಿ ಗಾರ್ಡನ್ ಎಂಬ ಶುಶ್ರೂಷಾ ವಿದ್ವಾಂಸರು 1980ರ ದಶಕದಲ್ಲಿ ಊಟ, ನಿದ್ದೆ, ವಿಸರ್ಜನೆ, ಚಟುವಟಿಕೆ, ಸಂಬಂಧಗಳು, ನಂಬಿಕೆಗಳು ಹೀಗೆ ಹನ್ನೊಂದು ಬಾಬ್ತುಗಳಲ್ಲಿ ರೋಗಿಯ ಬದುಕನ್ನು ನೋಡುವ ಕ್ರಮ ಹಾಕಿಕೊಟ್ಟರು. ಚೆನ್ನಾದ ಕ್ರಮ. ಅದು ಕಾಲಕ್ರಮದಲ್ಲಿ ನಮ್ಮ ದಾಖಲಾತಿ ಫಾರಮ್ಮಿನ ಚೌಕಗಳಾಗಿ ಇಳಿದಾಗ ಏನಾಯಿತೆಂದು ನಿಮಗೆ ಗೊತ್ತು. 'ಮಾನಸಿಕ ಸ್ಥಿತಿ' ಎಂಬಲ್ಲಿ 'ಸಾಧಾರಣ'. 'ಸಾಮಾಜಿಕ ಹಿನ್ನೆಲೆ' ಎಂಬಲ್ಲಿ 'ಮಧ್ಯಮ ವರ್ಗ'. 'ಆಧ್ಯಾತ್ಮಿಕ ಅಗತ್ಯ' ಎಂಬಲ್ಲಿ 'ಹಿಂದೂ'. ಯಾರನ್ನೂ ಹಾಸ್ಯ ಮಾಡಲು ಇದನ್ನು ಹೇಳುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಮೂರು ಹೊಸ ಅಡ್ಮಿಷನ್ ಬಂದಾಗ ಅಷ್ಟಾದರೂ ಬರೆದವರು ಪುಣ್ಯವಂತರು.

ಪ್ರಶ್ನೆ ಕೇಳುವ ವಿದ್ಯೆಗೆ ಮರಳಿ ಹೋಗಬೇಕೆಂದರೆ ಫ್ಲಾರೆನ್ಸ್ ನೈಟಿಂಗೇಲ್ ಹತ್ತಿರ ಹೋಗಬೇಕು. ಮೇ 12ರಂದು ಮೇಣದ ಬತ್ತಿ ಹಿಡಿದು ಪ್ರತಿಜ್ಞೆ ಮಾಡುವಾಗ ನಾವು ನೆನೆಯುವ ದೀಪದ ದೇವತೆಯನ್ನು ಒಂದು ಕ್ಷಣ ಪಕ್ಕಕ್ಕಿಟ್ಟು, 1859ರ ಕೊನೆಗೆ 'ನೋಟ್ಸ್ ಆನ್ ನರ್ಸಿಂಗ್' ಎಂಬ ಚಿಕ್ಕ ಪುಸ್ತಕ ಬರೆದ ಹರಿತ ನಾಲಿಗೆಯ ಹೆಂಗಸನ್ನು ನೆನೆಯೋಣ. ರೋಗಿಯನ್ನು ಗಮನಿಸುವುದರ ಬಗ್ಗೆ ಆ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂಬ ಪ್ರಶ್ನೆಯಿಂದ ಏನೂ ತಿಳಿಯದು, ಎಷ್ಟು ಗಂಟೆ ನಿದ್ದೆ, ರಾತ್ರಿಯ ಯಾವ ಹೊತ್ತಿನಲ್ಲಿ ಎಂದು ಕೇಳಬೇಕು ಎನ್ನುವುದು ಆಕೆಯ ವಾದ. ರೋಗಿ ಊಟ ಬಿಟ್ಟರೆ ಅದಕ್ಕೆ ನಾಲ್ಕು ಬೇರೆ ಬೇರೆ ಕಾರಣ ಇರಬಹುದು: ಅಡುಗೆ ಕೆಟ್ಟಿರಬಹುದು, ಪದಾರ್ಥ ಹಿಡಿಸದಿರಬಹುದು, ಕೊಟ್ಟ ಹೊತ್ತು ಸರಿಯಿಲ್ಲದಿರಬಹುದು, ನಿಜಕ್ಕೂ ಹಸಿವು ಸತ್ತಿರಬಹುದು. ಈ ನಾಲ್ಕನ್ನೂ ಒಟ್ಟು ಸೇರಿಸಿ ಹಸಿವಿಲ್ಲ ಎಂದು ಬರೆದುಬಿಡುತ್ತೇವೆ ಎಂದು ಆಕೆ ಸಿಡುಕುತ್ತಾರೆ.

ಇದನ್ನು ನಮ್ಮ ವಾರ್ಡಿಗೆ ತನ್ನಿ. ವಿಜಯಪುರದ ಕಡೆಯ ಅಜ್ಜಿಯೊಬ್ಬಳು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಜನ್ಮವಿಡೀ ಜೋಳದ ರೊಟ್ಟಿ, ಹಿಂಡಿಪಲ್ಯೆ ತಿಂದವಳ ಮುಂದೆ ಸಂಜೆ ಆರೂವರೆಗೆ ಗಂಜಿ, ಎರಡು ತುಂಡು ಬ್ರೆಡ್ ಇಟ್ಟು ಹೋಗಿದ್ದಾರೆ. ಮುಟ್ಟಿಲ್ಲ. ಚಾರ್ಟಿನಲ್ಲಿ 'ಹಸಿವಿಲ್ಲ'. ಮರುದಿನ ಡ್ರಿಪ್. ಯಾರಾದರೂ ಬಾಯಿ ತೆರೆಸಿ ನೋಡಿದ್ದರೆ ಹಲ್ಲಿನ ಸೆಟ್ಟನ್ನು ಐಸಿಯುನಲ್ಲಿ ತೆಗೆದಿಟ್ಟು ಮರಳಿ ಕೊಟ್ಟಿಲ್ಲವೆಂದೋ, ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿದೆಯೆಂದೋ ತಿಳಿಯುತ್ತಿತ್ತು. ಎಲೆಅಡಿಕೆ, ತಂಬಾಕಿನ ರೂಢಿ ಇರುವವರ ಬಾಯನ್ನು ಟಾರ್ಚ್ ಹಾಕಿ ನೋಡದೆ ಮೌಲ್ಯಮಾಪನ ಮುಗಿಯಿತೆನ್ನಬಾರದು. ಕೆನ್ನೆಯ ಒಳಗಿನ ಮಾಯದ ಹುಣ್ಣು ಎಷ್ಟೋ ಸಲ ಮೊದಲು ಕಾಣುವುದು ಬಾಯಿ ತೊಳೆಸುವ ನರ್ಸಿಗೇ.

ನೋಡುವುದು ಎಂದೆ. ನೋಡುವುದಕ್ಕೂ ಕಲಿಕೆ ಬೇಕು, ಅದರಲ್ಲೂ ನಮ್ಮ ಚರ್ಮದ ಬಣ್ಣಕ್ಕೆ ತಕ್ಕ ಕಲಿಕೆ. ನಾವು ಓದುವ ಪಠ್ಯಪುಸ್ತಕಗಳ ಚಿತ್ರಗಳೆಲ್ಲ ಬಹುತೇಕ ಬಿಳಿಯ ಚರ್ಮದವು. ಬೆಡ್ ಸೋರ್‌ನ ಮೊದಲ ಹಂತದಲ್ಲಿ ಚರ್ಮ ಕೆಂಪಾಗುತ್ತದೆ, ಬೆರಳಿನಿಂದ ಒತ್ತಿದರೆ ಕೆಂಪು ಮಾಯವಾಗುವುದಿಲ್ಲ ಎಂದು ಅವು ಹೇಳುತ್ತವೆ. ಕಪ್ಪು ಮೈಯ ರೈತನ ಬೆನ್ನ ಬುಡದಲ್ಲಿ ಆ ಕೆಂಪು ಎಲ್ಲಿ ಕಾಣಬೇಕು? ಅಲ್ಲಿ ಕಣ್ಣಿಗಿಂತ ಕೈ ವಾಸಿ. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆದುವೋ, ಮುಟ್ಟಿದರೆ ನೋವೋ ಎಂದು ಬೆರಳಿನ ಹಿಂಭಾಗದಿಂದ ನೋಡಬೇಕು. ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ನರ್ಸುಗಳು 1980ರ ದಶಕದಲ್ಲಿ ರೂಪಿಸಿದ ಬ್ರೇಡನ್ ಮಾಪಕ 6ರಿಂದ 23ರವರೆಗೆ ಅಂಕ ಕೊಡುತ್ತದೆ, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯ ಇದೆ ಎಂದರ್ಥ. ಅದರ ಆರು ಬಾಬ್ತುಗಳಲ್ಲಿ ಒಂದು ತೇವ, ಇನ್ನೊಂದು ಆಹಾರ, ಮತ್ತೊಂದು ಉಜ್ಜಾಟ. ರೋಗಿಯನ್ನು ಮೇಲಕ್ಕೆ ಸರಿಸುವಾಗ ಎತ್ತದೆ ಎಳೆಯುವ ಮಗನಿಗೆ ಕಲಿಸದೆ ಬರೇ ಅಂಕ ಹಾಕಿಟ್ಟರೆ ಹುಣ್ಣು ಅಂಕವನ್ನು ಓದಿಕೊಂಡು ಹಿಂದೆ ಸರಿಯುವುದಿಲ್ಲ.

ರಕ್ತಹೀನತೆಯದೂ ಇದೇ ಕತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಅಷ್ಟೊಂದು ಜನ ಬಿಳಿಚಿಕೊಂಡಿರುವ ಕಡೆ ಬಿಳಿಚುವಿಕೆಯೇ ಸಹಜ ಬಣ್ಣವೆನಿಸಿಬಿಡುವ ಅಪಾಯ ಇದೆ. ಮುಖ ನೋಡಿ ತೀರ್ಮಾನಿಸದೆ ಕೆಳಗಿನ ಕಣ್ರೆಪ್ಪೆಯ ಒಳಭಾಗ, ನಾಲಿಗೆ, ಅಂಗೈ ಗೆರೆ, ಉಗುರು ನೋಡಬೇಕು. ಕಾಮಾಲೆಯನ್ನು ಟ್ಯೂಬ್‌ಲೈಟಿನಲ್ಲಿ ಹುಡುಕದೆ ಕಿಟಕಿಯ ಬೆಳಕಿನಲ್ಲಿ ಕಣ್ಣಿನ ಬಿಳಿಯಲ್ಲಿ ಹುಡುಕಬೇಕು. ಯಂತ್ರ ಬಣ್ಣ ನೋಡುವುದಿಲ್ಲ ಎಂದುಕೊಂಡಿದ್ದೆವು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್, ಆಮ್ಲಜನಕ ನಿಜವಾಗಿ ಕಡಿಮೆ ಇದ್ದಾಗಲೂ ಸರಿಯಾಗಿದೆ ಎಂದು ತೋರಿಸುವುದು ಕಪ್ಪು ಜನಾಂಗದ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು ಅಮೆರಿಕದ ಅಧ್ಯಯನವೊಂದು 2020ರ ಡಿಸೆಂಬರಿನಲ್ಲಿ ಹೇಳಿತು. ಬೆರಳಿಗೆ ಸಿಕ್ಕಿಸಿದ ಯಂತ್ರ 95 ಎನ್ನುತ್ತಿದೆ, ರೋಗಿ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರೆಳೆಯುತ್ತಿದ್ದಾರೆ ಎಂದರೆ ನಂಬಬೇಕಾದದ್ದು ರೋಗಿಯನ್ನು.

ಇನ್ನು ವಿಳಾಸದ ಮಾತು. ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಊರು, ಕಸುಬು ಬರೆದಿರುತ್ತದೆ. ಬಿಲ್ಲಿಂಗ್ ಕೌಂಟರಿನವರು ಬರೆದದ್ದು, ನಮಗೇಕೆ ಎಂದು ದಾಟಿಬಿಡುತ್ತೇವೆ. ಕರ್ನಾಟಕದಲ್ಲಿ ಆ ಸಾಲಿಗಿಂತ ಹೆಚ್ಚು ಹೇಳುವ ಸಾಲು ಇನ್ನೊಂದಿಲ್ಲ. ಬೇಸಿಗೆಯ ಮೊದಲಲ್ಲಿ ಜ್ವರ, ಮೈಕೈ ನೋವು ಎಂದು ಬಂದವರು ಶಿವಮೊಗ್ಗದ ಕಾಡಂಚಿನವರು ಎಂದಾದರೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟಬೇಕು: ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತೇ, ಅಲ್ಲಿ ಮಂಗ ಸತ್ತು ಬಿದ್ದಿತ್ತೇ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯಲ್ಲಿ ಜ್ವರ ಇಳಿದು ಕೆಲವು ದಿನಗಳ ನಂತರ ಎರಡನೆಯ ಸುತ್ತು ಬರುವುದುಂಟು, ಆಗ ತಲೆನೋವು, ನಡುಕ, ಮಂಪರು ಕಾಣಿಸಬಹುದು. ಜ್ವರ ಬಿಟ್ಟಿತು ಎಂದು ಮನೆಗೆ ಹೊರಟವರಿಗೆ ಇದನ್ನು ಹೇಳಿ ಕಳಿಸುವವರು ಯಾರು? ಪಾವಗಡದ ಕಡೆಯವರು ಬೆನ್ನು ಬಗ್ಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ ಎಂದು ಬಂದರೆ ಕುಡಿಯುವ ನೀರು ಯಾವುದು, ಬೋರ್‌ವೆಲ್ಲಿನದೇ, ಎಷ್ಟು ವರ್ಷದಿಂದ ಎಂದು ಕೇಳಬೇಕು, ಹಲ್ಲಿನ ಮೇಲಿನ ಕಂದು ಪಟ್ಟೆ ನೋಡಬೇಕು. ಫ್ಲೋರೈಡಿನ ಬಗ್ಗೆ ಯೋಚಿಸಲು ವೈದ್ಯರಿಗೆ ದಾರಿ ಸಿಗುವುದು ಅಲ್ಲಿಂದ.

ಎಲ್ಲಿ ಮಲಗುತ್ತೀರಿ ಎಂಬ ಪ್ರಶ್ನೆಯನ್ನು ಯಾವ ಫಾರಮ್ಮೂ ಕೇಳುವುದಿಲ್ಲ. ಮಳೆಗಾಲದ ಬೆಳಗಿನ ಜಾವ ಹುಡುಗನೊಬ್ಬನನ್ನು ಹೊಟ್ಟೆನೋವು ಎಂದು ಕರೆತರುತ್ತಾರೆ. ಕಚ್ಚಿದ ಗುರುತಿಲ್ಲ, ಊತವಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಎಂಬ ಒಂದು ಸಂಗತಿ ಕೇಳಿದರೆ ಕಟ್ಟುಹಾವಿನ ನೆನಪು ಬರಬೇಕು. ಅದು ರಾತ್ರಿ ಹೊತ್ತು, ಮಲಗಿದವರನ್ನು, ಹೆಚ್ಚು ನೋವಿಲ್ಲದ ಹಾಗೆ ಕಚ್ಚುವ ಹಾವು. ಕಣ್ಣಿನ ರೆಪ್ಪೆ ಜೋಲುತ್ತಿದೆಯೇ, ಎಂಜಲು ನುಂಗಲು ಕಷ್ಟವೇ ಎಂದು ನೋಡಿ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಷ್ಟರವರೆಗೆ ಎಣಿಸಬಲ್ಲ ಎಂದು ಹೇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿಸಿ. ಇಪ್ಪತ್ತೈದರವರೆಗೆ ಹೋಗುತ್ತಿದ್ದವನು ಹದಿನೈದಕ್ಕೆ ನಿಂತರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ, ವೆಂಟಿಲೇಟರ್ ಇರುವ ಕಡೆ ಕಳಿಸಲು ಆಂಬುಲೆನ್ಸ್ ಈಗಲೇ ಬೇಕು. ಯಾವ ಉಪಕರಣವೂ ಬೇಡದ ಈ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯ ನೈಟ್ ಡ್ಯೂಟಿಯ ನರ್ಸಿಗೆ ಹೇಳಿ ಮಾಡಿಸಿದ್ದು.

ದೇಹ, ಮನಸ್ಸು, ಮನೆ ಮೂರೂ ಬಿಡಿಸಲಾಗದಂತೆ ಹೆಣೆದುಕೊಂಡ ಕೇಸೊಂದನ್ನು ಹೇಳಿ ಎಂದರೆ ನಾನು ಕೀಟನಾಶಕ ಕುಡಿದು ಬಂದವರದನ್ನು ಹೇಳುತ್ತೇನೆ. ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಅವರು ಅಪರೂಪದ ಅತಿಥಿಗಳಲ್ಲ. ಆರ್ಗನೋಫಾಸ್ಫರಸ್ ವಿಷದಲ್ಲಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಲ್ಲಿ ನೀರು ಸುರಿಯುತ್ತದೆ, ಮೈ ಬೆವರುತ್ತದೆ, ನಾಡಿ ನಿಧಾನವಾಗುತ್ತದೆ, ಎದೆಯಲ್ಲಿ ಗೊರಗೊರ ಶಬ್ದ. ಅಟ್ರೋಪಿನ್ ಕೊಡುತ್ತಾ ಹೋದಂತೆ ಎದೆ ತಿಳಿಯಾಯಿತೇ, ಕಂಕುಳು ಒಣಗಿತೇ, ನಾಡಿ 80 ದಾಟಿತೇ ಎಂದು ಮತ್ತೆ ಮತ್ತೆ ನೋಡುವುದು ನರ್ಸ್. ಔಷಧಿ ಹೆಚ್ಚಾದರೂ ತೊಂದರೆ: ರೋಗಿ ಹಾಸಿಗೆ ಬಟ್ಟೆಯನ್ನು ಕೆದಕತೊಡಗುತ್ತಾನೆ, ಏನೇನೋ ಮಾತಾಡುತ್ತಾನೆ, ಜ್ವರ ಏರುತ್ತದೆ. ಅದನ್ನು ಕುಡಿತ ಬಿಟ್ಟದ್ದರ ಗಲಾಟೆ ಎಂದುಕೊಂಡು ಕೈಕಾಲು ಕಟ್ಟಿಹಾಕಿದರೆ ಮುಗಿಯಿತು. ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ, ಒಂದರಿಂದ ನಾಲ್ಕು ದಿನಗಳ ನಡುವೆ, ಸ್ನಾಯುಗಳು ಕುಸಿಯುವ ಇನ್ನೊಂದು ಘಟ್ಟ ಬರಬಹುದು. ಅದರ ಮೊದಲ ಸುಳಿವು ಕುತ್ತಿಗೆಯಲ್ಲಿ. ದಿಂಬಿನಿಂದ ತಲೆ ಎತ್ತಪ್ಪ ಎಂದು ಪ್ರತಿ ಸಲವೂ ಹೇಳಿನೋಡಿ. ನಿನ್ನೆ ಎತ್ತಿದವನಿಗೆ ಇಂದು ಆಗುತ್ತಿಲ್ಲ ಎಂದರೆ ಅದೇ ಗಂಟೆ ಬಾರಿಸಿದಂತೆ.

ಇಷ್ಟನ್ನೂ ಅಚ್ಚುಕಟ್ಟಾಗಿ ಮಾಡಿ, ಯಾಕೆ ಕುಡಿದೆ ಎಂದು ಕೇಳದೆ ಬಿಟ್ಟರೆ ಅರ್ಧ ಮನುಷ್ಯನನ್ನು ನೋಡಿದಂತಾಯಿತು. ಕೇಳಿದರೆ ಸಾಯುವ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಆಧಾರವಿಲ್ಲ, ನೇರವಾಗಿ, ಮೆತ್ತಗೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಆದರೆ ಹೆಂಡತಿ, ಅತ್ತೆ, ಭಾವಮೈದುನ ಸುತ್ತ ನಿಂತಿರುವಾಗ ಕೇಳಿ ಪ್ರಯೋಜನವಿಲ್ಲ. ತಪ್ಪಿ ಕುಡಿದೆ ಸಿಸ್ಟರ್, ಶರಬತ್ತು ಅಂದುಕೊಂಡೆ ಎಂಬ ಉತ್ತರವೇ ಬರುತ್ತದೆ. ಬೆಳಗಿನ ಜಾವ ಎಲ್ಲರೂ ವರಾಂಡದಲ್ಲಿ ಮಲಗಿರುವಾಗ, ಬಿಪಿ ನೋಡುವ ನೆಪದಲ್ಲಿ ಕೂತು ಕೇಳಿ. ಪೊಲೀಸು, ಕೇಸು ಎಂಬ ಹೆದರಿಕೆ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ಇದನ್ನು ತಿಳಿದು ಹೇಳುವ ನರ್ಸ್ ಒಬ್ಬರಿದ್ದರೆ ಮಾತು ಸಡಿಲವಾಗುತ್ತದೆ. 14416 ಎಂಬ ಟೆಲಿ ಮಾನಸ್ ಸಂಖ್ಯೆಯನ್ನು ಡಿಸ್ಚಾರ್ಜ್ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಮನೆಯಲ್ಲಿ ಉಳಿದ ಔಷಧಿ ಡಬ್ಬಿ ಎಲ್ಲಿದೆ, ಅದಕ್ಕೆ ಬೀಗ ಹಾಕುವವರು ಯಾರು ಎಂದು ಮನೆಯವರನ್ನು ಕೇಳಿ. ಅದೂ ಮೌಲ್ಯಮಾಪನವೇ.

ಮನಸ್ಸಿನ ತಿಳಿವಿನ ಬಗ್ಗೆ ಸ್ವಲ್ಪ ಹೇಳಬೇಕು. ತಲೆಗೆ ಪೆಟ್ಟಾದವರಿಗೆ ನಾವು ಹಾಕುವ ಗ್ಲಾಸ್ಗೋ ಅಂಕ 1974ರಿಂದ ಬಳಕೆಯಲ್ಲಿದೆ, ಅದರಲ್ಲಿ ಮಾತಿಗೆ ಐದು ಅಂಕ. ಬೆಂಗಳೂರಿನ ಐಸಿಯುಗಳಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಜಾಣ ನರ್ಸುಗಳಿದ್ದಾರೆ. ಲಂಬಾಣಿ ತಾಂಡಾದ ಮುದುಕಿಯೊಬ್ಬಳು ತನ್ನ ಭಾಷೆಯಲ್ಲಿ ನೆಟ್ಟಗೆ ಉತ್ತರ ಕೊಟ್ಟರೂ ಅದು ಅವರಿಗೆ ತೊದಲಾಗಿ ಕೇಳಿಸಿ ಒಂದೋ ಎರಡೋ ಅಂಕ ಕಡಿಮೆಯಾದರೆ ತಪ್ಪು ಯಾರದು? ನರ್ಸಿನದಂತೂ ಅಲ್ಲ, ಆದರೆ ಹತ್ತಿರದವರನ್ನು ಕರೆದು ಕೇಳುವ ಅಭ್ಯಾಸ ಇರಬೇಕು. ಅಕ್ಷರ ಬಾರದವರನ್ನು ಇವತ್ತು ತಾರೀಖು ಎಷ್ಟು ಎಂದು ಕೇಳುವುದೂ ಹಾಗೆಯೇ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರು ಓದುಬರಹ ಬಾರದ ಹಿರಿಯರಿಗೆಂದೇ ಮನಸ್ಸಿನ ಪರೀಕ್ಷೆಯೊಂದನ್ನು ಹಿಂದಿಯಲ್ಲಿ ಕಟ್ಟಿ 1995ರಲ್ಲಿ ಪ್ರಕಟಿಸಿದರು. ನಾವು ಅಮಾವಾಸ್ಯೆ ಯಾವಾಗ ಆಯಿತು, ಮುಂದೆ ಬರುವ ಹಬ್ಬ ಯಾವುದು, ಹೊಲದಲ್ಲಿ ಈಗ ಏನು ಬೆಳೆ ಎಂದು ಕೇಳಬಹುದು. ಗಮನ ನಿಲ್ಲುತ್ತದೆಯೇ ಎಂದು ನೋಡಲು ಶನಿವಾರದಿಂದ ವಾರಗಳನ್ನು ಹಿಂದಕ್ಕೆ ಹೇಳಿಸಬಹುದು.

ಆಪರೇಷನ್ ಆದ ಮೂರನೆಯ ದಿನ ಕೂಗಾಡುವ ತಾತನನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನೆ ಗೋಡೆ ಕಡೆ ತಿರುಗಿ ಮಲಗಿದ ತಾತನನ್ನು ಒಳ್ಳೆಯ ರೋಗಿ, ಏನೂ ತೊಂದರೆ ಕೊಡಲ್ಲ ಎಂದು ಹ್ಯಾಂಡೋವರ್‌ನಲ್ಲಿ ಹೊಗಳುತ್ತಾರೆ. ಇಬ್ಬರಿಗೂ ಡೆಲಿರಿಯಂ ಇರಬಹುದು, ಎರಡನೆಯದು ಹೆಚ್ಚು ಸಲ ಕಣ್ತಪ್ಪುತ್ತದೆ. ಶ್ಯಾರನ್ ಇನೌಯೆ 1990ರಲ್ಲಿ ಕೊಟ್ಟ ಪರೀಕ್ಷಾಕ್ರಮದ ಮೊದಲ ಪ್ರಶ್ನೆಯೇ ಇದು ಏಕಾಏಕಿ ಬಂದ ಬದಲಾವಣೆಯೇ, ಹೊತ್ತು ಹೊತ್ತಿಗೆ ಏರಿಳಿಯುತ್ತದೆಯೇ ಎಂಬುದು. ಅದಕ್ಕೆ ಉತ್ತರ ಗೊತ್ತಿರುವುದು ಮನೆಯವರಿಗೆ. ಸಿಸ್ಟರ್, ಅಪ್ಪ ಯಾಕೋ ನಿನ್ನೆಯಿಂದ ಬೇರೆ ಥರ ಇದ್ದಾರೆ ಎಂದು ಮಗಳು ಹೇಳಿದರೆ ಅದನ್ನು ಹಾಗೆಯೇ, ಅವಳ ಮಾತಿನಲ್ಲೇ, ಹೊತ್ತು ಹಾಕಿ ಬರೆದುಕೊಳ್ಳಿ. ಆಮೇಲೆ ಮೂತ್ರ ಹೊರಟಿದೆಯೇ, ಮಲ ಕಟ್ಟಿದೆಯೇ, ಕನ್ನಡಕ ಎಲ್ಲಿ, ರಾತ್ರಿ ಯಾವ ಹೊಸ ಮಾತ್ರೆ ಕೊಟ್ಟರು ಎಂದು ನೋಡಿ.

ನೋವಿನ ಬಗ್ಗೆ ಇಷ್ಟೇ. ಹತ್ತರಲ್ಲಿ ಎಷ್ಟು ಎಂಬ ಪ್ರಶ್ನೆ ಪಟ್ಟಣದವರಿಗೆ ನಡೆಯುತ್ತದೆ. ಹಳ್ಳಿಯ ಮುದುಕನಿಗೆ ಮಗ್ಗುಲು ಬದಲಿಸುತ್ತೀಯಾ, ಕೆಮ್ಮಿದರೆ ಹೊಲಿಗೆ ಹಾಕಿದ ಜಾಗ ಏನನ್ನುತ್ತದೆ, ರಾತ್ರಿ ನೋವಿಗೆ ಎಚ್ಚರವಾಯಿತೇ ಎಂದು ಕೇಳಿದರೆ ಬೇಗ ತಿಳಿಯುತ್ತದೆ. ಹೊಟ್ಟೆಯ ಆಪರೇಷನ್ ಆದವರು ನೋವಿಗೆ ಹೆದರಿ ಕೆಮ್ಮದೆ ಉಳಿದರೆ ಕಫ ನಿಲ್ಲುತ್ತದೆ, ಎದೆ ಕೆಡುತ್ತದೆ. ಸಿಸಿಲಿ ಸಾಂಡರ್ಸ್ ಎಂಬಾಕೆ ಲಂಡನ್ನಿನಲ್ಲಿ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ ಆದವರು. 1967ರಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ ತೆರೆದರು. ಮೂರು ಉದ್ಯೋಗ ಮಾಡಿದ್ದಕ್ಕೋ ಏನೋ, ಸಾಯುತ್ತಿರುವವರ ನೋವಿನಲ್ಲಿ ದೇಹದ್ದು, ಮನಸ್ಸಿನದು, ಸಂಸಾರದ್ದು, ದೇವರದ್ದು ನಾಲ್ಕೂ ಬೆರೆತಿವೆ ಎಂದು ಅವರಿಗೆ ಕಂಡಿತು. ಮಾರ್ಫಿನ್ ಕೊಟ್ಟರೂ ನೋವು ಇಳಿಯದವರನ್ನು ಮನೆಯಲ್ಲಿ ಎಮ್ಮೆ ನೋಡಿಕೊಳ್ಳುವವರು ಯಾರು, ಮಗಳ ಮದುವೆ ಎಲ್ಲಿಗೆ ಬಂತು ಎಂದು ಕೇಳಿನೋಡಿ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೆಲವು ದಿನ ಕೆಲಸ ಮಾಡಿ ಬಂದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಮಾಡಲು ಹೊತ್ತೆಲ್ಲಿದೆ ಮೇಡಂ ಎಂದು ಹಿಂದಿನ ಸಾಲಿನವರು ಮನಸ್ಸಿನಲ್ಲೇ ಕೇಳುತ್ತಿರುವುದು ನನಗೆ ಕೇಳಿಸುತ್ತಿದೆ. ನ್ಯಾಯವಾದ ಪ್ರಶ್ನೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಎನ್ನುತ್ತದೆ. ಕಾಗದದ ಮೇಲಿನ ಆ ಲೆಕ್ಕಕ್ಕೂ ರಾತ್ರಿಯ ಮೆಡಿಕಲ್ ವಾರ್ಡಿಗೂ ಎಷ್ಟು ದೂರ ಎಂಬುದನ್ನು ಇಲ್ಲಿರುವ ಯಾರಿಗೂ ಹೇಳಬೇಕಾಗಿಲ್ಲ. ಲಿಂಡಾ ಏಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ ಆಪರೇಷನ್ ಆದವರು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. ಆದ್ದರಿಂದ ಚಾರ್ಟಿನ ಸುಳ್ಳು 20ಕ್ಕೆ ಹುಡುಗಿಯರನ್ನು ಮಾತ್ರ ಬಯ್ಯುವ ಮೇಟ್ರನ್‌ಗಳ ಜೊತೆ ನಾನಿಲ್ಲ. ಆಡಳಿತದವರಲ್ಲಿ ನನ್ನದೊಂದು ಕೋರಿಕೆ: ಹೊಸ ನರ್ಸುಗಳನ್ನು ಕೊಡಲು ತಡವಾಗುವುದಾದರೆ ಫಾರಮ್ಮುಗಳನ್ನಾದರೂ ಕಡಿಮೆ ಮಾಡಿ. ಒಂದೇ ಸಂಗತಿಯನ್ನು ಮೂರು ರಿಜಿಸ್ಟರಿನಲ್ಲಿ ಬರೆಯುವ ಹೊತ್ತು ಹಾಸಿಗೆಯ ಪಕ್ಕಕ್ಕೆ ಬರಲಿ. ಹ್ಯಾಂಡೋವರನ್ನು ಕೌಂಟರಿನಲ್ಲಿ ನಿಂತು ಮಾಡದೆ ಒಬ್ಬೊಬ್ಬ ರೋಗಿಯ ಹತ್ತಿರ ನಿಂತು ಮಾಡಿ. ಎರಡು ಜೊತೆ ಕಣ್ಣುಗಳು ಒಟ್ಟಿಗೆ ನೋಡುವುದು ದಿನದಲ್ಲಿ ಆಗ ಮಾತ್ರ.

ಕೊನೆಯದಾಗಿ, ರೋಗಿ ಹೊರಡುವ ದಿನದ ಮೌಲ್ಯಮಾಪನ. ಇದನ್ನು ನಾವು ಮಾಡುವುದೇ ಇಲ್ಲ, ಬಿಲ್ ಕಟ್ಟಿ ಬಂದರೇ ಎಂದು ಕೇಳುತ್ತೇವೆ. ಯಾದಗಿರಿಗೆ ಇನ್ಸುಲಿನ್ ಜೊತೆ ಹೊರಟವರ ಮನೆಯಲ್ಲಿ ಫ್ರಿಜ್ ಇದೆಯೇ? ತೆರೆದ ವಯಲ್ ಸಾಧಾರಣ ಸೆಖೆಯಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ, ಏಪ್ರಿಲಿನ ನಲವತ್ತು ಡಿಗ್ರಿ ಬಿಸಿಲನ್ನು ತಡೆಯುವುದಿಲ್ಲ. ಹೊರಗಿನ ಮಡಕೆಗೂ ಒಳಗಿನ ಕುಡಿಕೆಗೂ ನಡುವೆ ಒದ್ದೆ ಮರಳು ತುಂಬಿ, ವಯಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿಡಲು ಹೇಳಿಕೊಡಿ. ಫ್ರಿಜ್ ಇದ್ದವರಿಗೆ ಮೇಲಿನ ಐಸಿನ ಪೆಟ್ಟಿಗೆಯಲ್ಲಿ ಇಡಬೇಡಿ ಎಂದು ಹೇಳಿ. ಸೂಜಿ ಹಾಕುವವರು ಯಾರು, ಅವರ ಕಣ್ಣಿಗೆ ಸಿರಿಂಜಿನ ಗೆರೆ ಕಾಣುತ್ತದೆಯೇ ಎಂದು ಅವರ ಕೈಯಲ್ಲೇ ಔಷಧಿ ಎಳೆಸಿ ನೋಡಿ. ಓಟ್ಸ್ ತಿನ್ನಿ ಎಂದು ಅಚ್ಚಾದ ಡಯಟ್ ಚೀಟಿಯನ್ನು ಪಕ್ಕಕ್ಕಿಟ್ಟು, ಮನೆಯಲ್ಲಿ ದಿನಕ್ಕೆ ಎಷ್ಟು ರೊಟ್ಟಿ, ಎಷ್ಟು ಅನ್ನ, ಚಹಾಕ್ಕೆ ಎಷ್ಟು ಸಕ್ಕರೆ ಎಂದು ಕೇಳಿ ಅಲ್ಲಿಂದ ಶುರುಮಾಡಿ. ಓದಲು ಬಾರದವರು ಮಾತ್ರೆಯನ್ನು ಬಣ್ಣದಿಂದ ಗುರುತಿಟ್ಟುಕೊಳ್ಳುತ್ತಾರೆ. ಮುಂದಿನ ತಿಂಗಳು ಊರಿನ ಮೆಡಿಕಲ್ ಶಾಪಿನವನು ಬೇರೆ ಕಂಪನಿಯ ಅದೇ ಮಾತ್ರೆ ಕೊಟ್ಟಾಗ ಬಿಳಿಯದರ ಜೊತೆಗೆ ಹಳದಿಯದನ್ನೂ ನುಂಗಿ ಸಕ್ಕರೆ ಇಳಿದು ಬಿದ್ದವರನ್ನು ನಮ್ಮ ಎಮರ್ಜೆನ್ಸಿ ವಾರ್ಡುಗಳು ಕಂಡಿವೆ. ಮರುತಪಾಸಣೆಗೆ ಬರುವಾಗ ಚೀಟಿಯ ಜೊತೆಗೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಖಾಲಿ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬರಲು ಹೇಳಿ, ಬಂದ ದಿನ ಆ ಚೀಲವನ್ನು ಮೇಜಿನ ಮೇಲೆ ಸುರಿದು ಒಂದೊಂದಾಗಿ ಎತ್ತಿ ನೋಡಿ.